ಭಾವ ನನ್ನನ್ನು ಬೈಯಲಿಲ್ಲ

ನಮ್ಮ ಭಾವ ಯಾರನ್ನಾದರೂ ಹೊಗಳಿದರೆ ಅವರ ಕತೆ ಮುಗಿಯಿತೆಂದೇ ಅರ್ಥ! ಇದು ನನಗೆ ಗೊತ್ತಾಗುವಷ್ಟರಲ್ಲಿ ನನ್ನನ್ನು ಮೂರು ತಿಂಗಳು ಹೊಗಳಿಯಾಗಿತ್ತು.

ಭಾವ ಅಂದರೆ ನನ್ನ ಅಕ್ಕನ ಗಂಡ, ಕಡೂರಿನಲ್ಲಿ ಮದುವೆ ಅಡುಗೆಯ ಕಂಟ್ರಾಕ್ಟರ್. ನನ್ನವರು ತೀರಿಕೊಂಡ ಮೇಲೆ ಹೋಳಿಗೆ ಮಾಡಲು ಅವರ ತಂಡ ಸೇರಿದೆ. ಕೆಲಸ ಕೈಹಿಡಿಯದಿದ್ದರೆ ಅಕ್ಕನ ಮನೆಯಲ್ಲಿ ಹಂಗಿನ ಅನ್ನ. ಅದು ನನಗೆ ಬೇಡವಾಗಿತ್ತು.

ತಂಡವೋ, ದೇವರಿಗೇ ಪ್ರೀತಿ! ರೊಟ್ಟಿಗೆ ವಿಜಯಪುರದಾಕೆ, ಪೂರಿಗೆ ಒಡಿಶಾದವನು. ವಿಜಯಪುರದಾಕೆ ಮೊದಲ ದಿನವೇ ಭಾವನ ಸಾರು ನೆಕ್ಕಿ, ಎಲ್ಲರೆದುರು, "ಏನ್ರೀ ಇದು, ಉಪ್ಪಿಲ್ಲ, ಖಾರಿಲ್ಲ! ಮಂದಿ ಹೆಂಗ ಉಣ್ಣಬೇಕ್ರೀ?" ಎಂದಳು. ಈಕೆಯ ಕೆಲಸ ಹೋಯಿತು ಅಂದುಕೊಂಡೆವು. ಭಾವ ತೆಪ್ಪಗೆ ಉಪ್ಪು ಹಾಕಿ, "ಈಯಮ್ಮ ನಮ್ಮೋಳು ಕಣ್ರೋ" ಎಂದರು!

ತರೀಕೆರೆಯ ಛತ್ರದಲ್ಲಿ ಒಡಿಶಾದವನು ಭಾವನಿಂದ ಬೈಸಿಕೊಂಡ. "ಲೇ, ಇದು ಪೂರಿನೋ, ಚಪ್ಪಲಿನೋ?" ಆತ ನಕ್ಕು ತಲೆಯಾಡಿಸಿದ. ಪರವಾಗಿಲ್ಲ, ಅರ್ಥವಾಯಿತು ಅಂದುಕೊಂಡೆವು. ಸ್ವಲ್ಪ ಹೊತ್ತಿಗೆ ನೋಡಿದರೆ ಆಸಾಮಿ ಚೀಲ ಸಮೇತ ರೈಲ್ವೆ ಸ್ಟೇಷನ್ನಿನಲ್ಲಿ! ಭಾವ ಸ್ಕೂಟರಿನಲ್ಲಿ ಓಡಿದರು, ಹಿಂದೆ ನಾನು.

"ಸಾಹೇಬ್ರು ಬೈದ್ರು. ಕೆಲ್ಸ ಹೋಯ್ತು" ಎಂದ ಆತ.

"ಅಯ್ಯೋ ಪುಣ್ಯಾತ್ಮ, ಬೈದೆ ಅಂದ್ರೆ ಕೆಲ್ಸ ಐತೆ ಅಂತ ಕಣೋ! ಬೇಡ ಆದೋನ್ನ ಯಾಕೆ ಬೈಲಿ? ಚೆನ್ನಾಗಿ ಹೊಗಳಿ ಕಳಿಸ್ತೀನಿ!"

ಆತ ಚೀಲ ಎತ್ತಿಕೊಂಡು ಸ್ಕೂಟರ್ ಹತ್ತಿದ. ನಾನು ಯೋಚಿಸುತ್ತಾ ನಡೆದೇ ಛತ್ರಕ್ಕೆ ವಾಪಸಾದೆ. ನನಗೋ ದಿನವೂ, "ಚೆನ್ನಾಗೈತೆ ಕಣಮ್ಮ!" ಹಾಗಾದರೆ?

ಅಕ್ಕನನ್ನು ಕೇಳಿದೆ. "ನನ್ ಅಡುಗೇನ ಮೂವತ್ತು ವರ್ಷದಿಂದ ಬೈತಾವ್ರೆ ಕಣೇ" ಎಂದಳು, ಹೆಮ್ಮೆಯಿಂದ! ಮರುದಿನ ಬೇಕೆಂದೇ ಒಂದು ಹೋಳಿಗೆ ಸೀಯಿಸಿ ಕೊಟ್ಟೆ. ಭಾವ ಅಗಿದು ಅಗಿದು ನುಂಗಿ, "ಇದೂ ಒಂಥರಾ ಚೆನ್ನಾಗೈತೆ ಕಣಮ್ಮ" ಎಂದುಬಿಟ್ಟರು. ಸೀದದ್ದಕ್ಕೂ ಹೊಗಳಿಕೆಯೇ? ನನಗೆ ತಲೆಬುಡ ತಿಳಿಯಲಿಲ್ಲ.

ಕೊನೆಗೆ, ಅವರು ಕಳಿಸುವ ಮೊದಲು ನಾನೇ ಹೋಗುವುದು ಮೇಲೆಂದು, ಅಜ್ಜಂಪುರದ ಮದುವೆಯಲ್ಲಿ ಹೂರಣ ರುಬ್ಬುತ್ತಲೇ ಹೇಳಿದೆ, "ಭಾವ, ನಾಳೆಯಿಂದ ನಾನು ಬರಲ್ಲ."

ಭಾವ ಸೌಟು ಕೆಳಗಿಟ್ಟರು. "ಬರಲ್ವಾ? ಹೂರಣ ತರಿತರಿ! ಅಂಚು ದಪ್ಪ! ಎಣ್ಣೆ ಸುರೀತೀಯ! ಮೂರು ತಿಂಗ್ಳಿಂದ ಬಾಯಿ ಕಟ್ಕೊಂಡಿದೀನಿ ಕಣೇ!"

"ಮತ್ತೆ ಯಾಕೆ ಹೇಳಲಿಲ್ಲ?"

ಭಾವ ಒಲೆಯ ಕಡೆ ತಿರುಗಿಕೊಂಡರು. "ಅಷ್ಟು ಅತ್ಕೊಂಡು ಬಂದೋಳ್ನ ಹೆಂಗೆ ಬೈಲಿ?"

ನನಗೆ ಅಳು ಬಂತು, ನಗುವೂ ಬಂತು. ಹೂರಣವನ್ನೆಲ್ಲ ಬಳಿದು ಮತ್ತೆ ರುಬ್ಬಲು ಹಾಕಿದೆ.

"ಈಗ ಅಳ್ತಾ ಇಲ್ಲ ಭಾವ. ಇನ್ನೂ ಬೈಯಿರಿ" ಎಂದೆ.