ಮಾವನ ಮೀಸೆ, ಗೋಣಿಮರದ ಕೊಂಬೆ

ನನ್ನ ಸೋದರಮಾವ ಈ ಭೂಮಿ ಮೇಲೆ ಹೆದರುವುದು ಇಬ್ಬರಿಗೆ ಮಾತ್ರ. ಒಬ್ಬರು ನಮ್ಮತ್ತೆ, ಇನ್ನೊಂದು ಬಸ್ ನಿಲ್ಲುವ ಜಾಗದ ಗೋಣಿಮರ. ಅತ್ತೆಗೆ ಎದುರುತ್ತರ ಕೊಟ್ಟಿದ್ದನ್ನು ಒಂದೆರಡು ಸಲ ಕಣ್ಣಾರೆ ಕಂಡಿದ್ದೇನೆ. ಮರಕ್ಕೆ? ಊಹೂಂ.

ಮರವೂ ಸಾಮಾನ್ಯದ್ದಲ್ಲ ಬಿಡಿ. ಸುಂಟಿಕೊಪ್ಪದಿಂದ ಸೋಮವಾರಪೇಟೆಗೆ ಹೋಗುವ ಬಸ್ಸಿನ ಕಂಡಕ್ಟರಿಗೆ ನಮ್ಮೂರಿನ ಹೆಸರೇ ಗೊತ್ತಿಲ್ಲ, 'ಗೋಣಿಮರ' ಎಂದೇ ಟಿಕೆಟ್ ಹರಿಯುತ್ತಾನೆ. ಯಾವ ಮುತ್ತಜ್ಜನ ಕಾಲದ್ದೋ ಯಾರಿಗೂ ತಿಳಿಯದು. ಪ್ರತಿವರ್ಷ ತೋಟಗಳಲ್ಲಿ ಮರಗಸಿ ಮಾಡುತ್ತಾರಲ್ಲ, ಕಾಫಿಗೆ ಬೆಳಕು ಬೀಳಲೆಂದು ನೆರಳಿನ ಮರಗಳ ಕೊಂಬೆ ಕಡಿಯುವುದು, ಆಗಲೂ ಇದರ ಒಂದೆಲೆ ಮುಟ್ಟುವವರಿಲ್ಲ. ಮುಟ್ಟಲು ಮಾವ ಬಿಡಬೇಕಲ್ಲ! ಒಮ್ಮೆ ಆಡಿಗೆಂದು ಹಿಡಿ ಸೊಪ್ಪು ಮುರಿದವನನ್ನು ಮರದ ಮುಂದೆ ನಿಲ್ಲಿಸಿ ತಪ್ಪಾಯಿತು ಎನ್ನಿಸಿದ್ದರು. ಆಡನ್ನೂ ಪಕ್ಕದಲ್ಲೇ ನಿಲ್ಲಿಸಿದ್ದರು.

ನನ್ನ ಮದುವೆಯ ಮೊದಲ ಕಾರ್ಡು ಹೋಗಿದ್ದೂ ಈ ಮರಕ್ಕೇ. ಕವರಿನ ಮೇಲೆ 'ಗೋಣಿಮರದಯ್ಯನವರಿಗೆ, ಕುಟುಂಬ ಸಮೇತ' ಎಂದು ಬರೆದಿದ್ದು ನೋಡಿ ದಂಗಾಗಿಹೋದೆ. ಕುಟುಂಬ ಯಾರು ಮಾವ ಎಂದು ಕೇಳಿದರೆ ಮೇಲೆ ತಲೆಕೆಳಗಾಗಿ ನೇತಾಡುತ್ತಿದ್ದ ಬಾವಲಿಗಳ ಕಡೆ ಕೈ ತೋರಿಸಿದರು. ಅದೂ ಹೆಣ್ಣಿನ ಕಡೆಯವರ ಮುಂದೆ!

ಇಂಥ ಮಾವ ಹೋದ ಬೇಸಿಗೆಯಲ್ಲಿ ಮರಗಸಿಯವನನ್ನು ಕರೆತಂದು, ರಸ್ತೆ ಕಡೆಗೆ ಬಾಗಿದ ದೊಡ್ಡ ಕೊಂಬೆ ತೋರಿಸಿ, ಕಡಿ ಎಂದುಬಿಟ್ಟರು. ಊರಿಗೆ ಊರೇ ಬಾಯಿ ಬಿಟ್ಟುಕೊಂಡು ನಿಂತಿತು. ಮರಗಸಿಯವನು ಹಗ್ಗ ಕೆಳಗಿಟ್ಟು, ಇದು ದೇವರ ಮರ, ನನ್ನ ಕೈಲಾಗಲ್ಲ ಎಂದ. ಆಡಿನವನ ಮುಖವನ್ನಂತೂ ನೋಡುವಂತಿರಲಿಲ್ಲ. ನಾನು ಮಾವನ ತೋಳು ಹಿಡಿದು, ನಿಮಗೇನು ತಲೆ ಕೆಟ್ಟಿದೆಯಾ ಎಂದು ರೇಗಿದೆ.

"ಬಡಿದು ನೋಡಿವ್ನಿ, ಒಳಗೆಲ್ಲ ಟೊಳ್ಳಾಗೈತೆ ಕಣೋ. ಇಸ್ಕೂಲ್ ಮಕ್ಳು ಬಸ್ಸಿಗೆ ನಿಂತ್ಕಳದು ಇದ್ರಡೀಲೇ. ಮಳೆ ಹಿಡಿಯೋದ್ರೊಳಗೆ ಇಳಿಸ್ಬೇಕು. ಪಾಪ ಬಂದ್ರೆ ನಂಗ್ ಬರ್ಲಿ."

ಎಪ್ಪತ್ತು ದಾಟಿದ ಮನುಷ್ಯ ಏಣಿ ಹತ್ತಿ ಮೊದಲ ಏಟು ತಾವೇ ಹಾಕಿದರು. ಆಮೇಲೆ ಮರಗಸಿಯವನೂ ಹತ್ತಿದ. ಕೊಂಬೆ ಕೆಳಗೆ ಬಂದಾಗ ನೋಡಿದರೆ, ಒಳಗೆ ನನ್ನ ತೋಳು ಪೂರ್ತಿ ಹೋಗುವಷ್ಟು ಟೊಳ್ಳು. ಮಾವ ಕಾಫಿ ಗಿಡದ ಗಾಯಕ್ಕೆ ಹಚ್ಚುವ ಹಾಗೆ ಸುಣ್ಣ, ಮೈಲುತುತ್ತ ಕಲಸಿ ಮರಕ್ಕೆ ಬಳಿದರು. ಉರೀತದಾ ಎಂದು ಮರವನ್ನು ಕೇಳುತ್ತಿದ್ದರು.

ಮಾರನೇ ದಿನ ನೋಡಿದರೆ, ಮಾವನ ನಲವತ್ತು ವರ್ಷ ತಿರುವಿದ ಮೀಸೆ ಇಲ್ಲ! ತಲೆಯೂ ಬೋಳು. ನಮ್ಮಲ್ಲಿ ಗಂಡಸರು ಹಾಗೆ ತೆಗೆಸುವುದು ಹೆತ್ತವರು ಹೋದಾಗ. ಅಜ್ಜ, ಅಜ್ಜಿ ಹೋಗಿ ನಲವತ್ತು ವರ್ಷ ದಾಟಿತ್ತು. ಗಾಬರಿಯಿಂದ ಅತ್ತೆಯ ಮುಖ ನೋಡಿದೆ. ಬೈಯುವ ಅತ್ತೆ ಅಂದು ಬೈಯದೆ, ಮೆಲ್ಲಗೆ ವಿಷಯ ಹೇಳಿದರು. ಅಜ್ಜಿ ಕಾಫಿ ಕುಯ್ಲಿಗೆ ಹೋಗುವಾಗ ಆ ಕೊಂಬೆಗೇ ಸೀರೆಯ ಜೋಲಿ ಕಟ್ಟಿ ಮಾವನನ್ನು ಮಲಗಿಸುತ್ತಿದ್ದರಂತೆ.

ಮಾವ ಬರಿದಾದ ಮೇಲ್ದುಟಿ ಸವರಿಕೊಂಡರು.

"ಅವ್ವ ಕುಯ್ಲಿಗ್ ಹೋದ್ಮೇಲೆ ನನ್ನ ತೂಗ್ತಿದ್ದಿದ್ದು ಅದೇ ಕಣೋ."