ಪದವಿ ಬಿಟ್ಟು ಕೆತ್ತಿದ ಕಲ್ಲು

ಚುನಾವಣೆ ಹತ್ತಿರ ಬಂದಾಗೆಲ್ಲ ಯಾರಾದರೊಬ್ಬ ಮಂತ್ರಿಗೆ ಆತ್ಮಗೌರವ ನೆನಪಾಗುತ್ತದೆ. ಉಳಿದ ನಾಲ್ಕು ವರ್ಷ ಅದು ಎಲ್ಲಿರುತ್ತದೋ ನನಗೆ ಗೊತ್ತಿಲ್ಲ. ಬೈಲಹೊಂಗಲದಲ್ಲಿ ಉದ್ಘಾಟನೆಯ ಕಲ್ಲು ಕೆತ್ತುವುದು ನನ್ನ ಕಸುಬು. ಇಷ್ಟು ಜನರ ಹೆಸರು ಕೆತ್ತಿದ ಮೇಲೆ ಯಾರನ್ನೂ ಪೂರ್ತಿ ನಂಬುವ ಅಭ್ಯಾಸ ಹೋಗಿಬಿಟ್ಟಿದೆ. ಹೋದ ಚುನಾವಣೆಯದನ್ನಷ್ಟೇ ಹೇಳುತ್ತೇನೆ.

೧. ಕೆಳಗಿನ ಸಾಲು

ಸಾಲಹಳ್ಳಿ ದಾಟಿದರೆ ನನ್ನ ಅಕ್ಕನ ಊರು. ಅಲ್ಲೊಂದು ಸಣ್ಣ ದವಾಖಾನೆ ಕಟ್ಟಿ ಆರು ತಿಂಗಳಾಗಿತ್ತು. ಉದ್ಘಾಟನೆ ಆಗದೆ ಬೀಗ ತೆಗೆಯುವಂತಿಲ್ಲ. ಬಿಪಿ ನೋಡುವ ಮಷಿನ್, ಗುಳಿಗೆ ಎಲ್ಲ ಒಳಗೆ. ನರ್ಸ್‌ಬಾಯಿ ಹೊರಗೆ ಕಟ್ಟೆಯ ಮೇಲೆ. ಅಕ್ಕನಿಗೆ ಬಿಪಿ. ಗುಳಿಗೆಗಾಗಿ ಬಸ್ಸಿನಲ್ಲಿ ನಿಂತುಕೊಂಡೇ ರಾಮದುರ್ಗಕ್ಕೆ ಹೋಗುತ್ತಿದ್ದಳು. ಒಮ್ಮೆ ಸ್ಟ್ಯಾಂಡಿನಲ್ಲೇ ತಲೆ ತಿರುಗಿ ಬಿದ್ದಳು. ಆ ಬೀಗ ಬೇಗ ತೆಗೆಯಲಿ ಎಂದು ನಾನು ಬೇರೆ ಕೆಲಸವೆಲ್ಲ ಬದಿಗಿಟ್ಟು ಆ ಕಲ್ಲು ಹಿಡಿದೆ.

ಉದ್ಘಾಟಿಸಬೇಕಾದವರು ಹಿರಿಯ ಸಚಿವರು. ಅವರ ಆಪ್ತ ಸಹಾಯಕ ಫೋನ್ ಮಾಡಿ, ಹೆಸರು ದೊಡ್ಡದಾಗಿ ಕೆತ್ತಿ, ಕೆಳಗೆ ಖಾತೆಯ ಸಾಲು ಮಾತ್ರ ಸದ್ಯಕ್ಕೆ ಬೇಡ ಎಂದ. ಹೆಸರು ಇನ್ನೂ ದೊಡ್ಡದು ಮಾಡು ಎಂದವರನ್ನು ಕಂಡಿದ್ದೇನೆ. ಪದವಿ ಬಿಡು ಎಂದವನು ಇವನೊಬ್ಬನೇ.

“ಯಾಕ್ರಿ ಸರ್, ಸಾಹೇಬ್ರು ಸಚಿವರ ಅದಾರಲ್ಲ?” ಎಂದೆ.

“ಇವತ್ತಂತೂ ಅದಾರ್ರಿ,” ಎಂದು ಫೋನಿಟ್ಟ.

೨. ದಿಢೀರ್ ನೋವು

ಹದಿನೈದು ದಿನಕ್ಕೆ ಸಚಿವರು ರಾಜೀನಾಮೆ ಕೊಟ್ಟರು. ಸವದತ್ತಿಯಲ್ಲಿ ಎಲ್ಲಮ್ಮನ ಗುಡ್ಡ ಇಳಿದು ಬಂದು, ಮೈಕಿನ ಮುಂದೆ ಕಣ್ಣೊರೆಸಿಕೊಂಡು, ಇಂದು ಮುಂಜಾನೆ ಎದ್ದಾಗ ಮನಸ್ಸಿಗೆ ತಡೆಯಲಾರದ ನೋವಾಯಿತು, ಹೆಂಡತಿಗೂ ಹೇಳದೆ ನಿರ್ಧಾರ ಮಾಡಿದೆ ಎಂದರು. ಚಹಾದಂಗಡಿಯಲ್ಲಿ ಟಿವಿ ನೋಡುತ್ತಿದ್ದವರೆಲ್ಲ ಅಯ್ಯೋ ಎಂದರು. ನಾನು ಅನ್ನಲಿಲ್ಲ.

ಹಿಂದಿನ ವಾರ ಬಣ್ಣ ತರಲು ಕಿತ್ತೂರಿಗೆ ಹೋಗಿದ್ದೆ. ಪರಿಚಯದ ಫ್ಲೆಕ್ಸ್ ಅಂಗಡಿಯವನು ಏನನ್ನೋ ಮಗುಚಿ ಹಾಕಿ ಅದರ ಮೇಲೆಯೇ ಕುಳಿತಿದ್ದ. ಏನದು ಎಂದರೆ ಮದುವೆಯದು ಎಂದ. ಅಷ್ಟರಲ್ಲಿ ಗಾಳಿಗೆ ಅಂಚು ಎದ್ದಿತು. ಸಚಿವರು ಬೇರೆ ಪಕ್ಷದ ಶಾಲು ಹೊದ್ದು ಕೈಮುಗಿದು ನಗುತ್ತಿದ್ದರು. ಮುಂಜಾನೆ ಆದ ನೋವಿನ ಫ್ಲೆಕ್ಸ್ ಒಂದು ವಾರ ಮೊದಲೇ ಅಚ್ಚಾಗಿತ್ತು.

ಉದ್ಘಾಟನೆ ರದ್ದಾಯಿತು. ನನಗೆ ಮೈಯೆಲ್ಲ ಉರಿಯಿತು. ಸುದ್ದಿ ಹೇಳಲು ಹೋದರೆ ಅಕ್ಕ ಸಿಟ್ಟೂ ಮಾಡಲಿಲ್ಲ.

“ಅವರಿಗೆ ನೋವಾದ್ರ ಟೀವಿ ಬರತೈತಿ. ನನಗ ತಲಿ ತಿರಗಿದ್ರ ಬಸ್ ಸುದ್ದಾ ಬರೂದಿಲ್ಲ,” ಎಂದಳು.

೩. ಮುಚ್ಚಿದ್ದು

ಎರಡು ದಿನಕ್ಕೆ ಚುನಾವಣೆ ಘೋಷಣೆಯಾಗಿ ನೀತಿ ಸಂಹಿತೆ ಬಂತು. ಇನ್ನು ಉದ್ಘಾಟನೆಯ ಮಾತಿಲ್ಲ, ಗೋಡೆಯ ಮೇಲಿನ ರಾಜಕಾರಣಿಗಳ ಹೆಸರೆಲ್ಲ ಮುಚ್ಚಬೇಕು. ನಾನು ಕಲ್ಲನ್ನು ಆಗಲೇ ಗೋಡೆಗೆ ಕೂಡಿಸಿಬಿಟ್ಟಿದ್ದೆ. ಅದನ್ನು ಮುಚ್ಚಲು ಬಂದ ಗುಮಾಸ್ತ ನನಗಿಂತ ಸಂಶಯದವನು. ಹೆಸರಿದೆ, ಪದವಿ ಇಲ್ಲ, ಹಾಗಾದರೆ ಇದು ಪ್ರಚಾರವಲ್ಲವೇ ಎಂದು ಅರ್ಧ ತಾಸು ನನ್ನನ್ನೇ ಪ್ರಶ್ನೆ ಕೇಳಿದ. ಆಮೇಲೆ ಕೈಗೆ ಸಿಕ್ಕ ಪೇಪರಿಗೆ ಅಂಟು ಬಳಿದು ಕಲ್ಲಿಗೆ ಹಚ್ಚಿ ಹೋದ.

ಮುಖಪುಟ ಹೊರಗಾಗಿತ್ತು. ಅದರಲ್ಲಿ ಕಣ್ಣೊರೆಸಿಕೊಳ್ಳುವ ಸಚಿವರು. ಕೆತ್ತಿದ ಹೆಸರು ಗೇಣುದ್ದವಿತ್ತು, ಫೋಟೋ ಮೊರದಷ್ಟು ಅಗಲ. ಮರುದಿನ ಗುಮಾಸ್ತ ಓಡಿ ಬಂದು ಅದರ ಮೇಲೆ ಕಬ್ಬಿನ ದರದ ಸುದ್ದಿ ಅಂಟಿಸಿದ. ಅದನ್ನು ಓದಲು ಊರೇ ನೆರೆಯಿತು. ಸಚಿವರ ಹೆಸರಿನ ಮುಂದೆ ಅಷ್ಟು ಜನ ತಾವಾಗಿ ಸೇರಿದ್ದು ಅದೇ ಮೊದಲು.

೪. ಗುಳಿಗೆ

ಊರಿನ ಶಾಲೆಯ ಛಾವಣಿ ಬಿಚ್ಚಿ ದುರಸ್ತಿ ನಡೆದಿತ್ತು. ಮತಗಟ್ಟೆಗೆ ಬೇರೆ ಜಾಗವಿಲ್ಲದೆ ದವಾಖಾನೆಯನ್ನೇ ತೆಗೆದುಕೊಂಡರು. ತಿಂಗಳುಗಟ್ಟಲೆ ಸಿಗದ ಕೀಲಿ ಒಂದೇ ತಾಸಿನಲ್ಲಿ ಸಿಕ್ಕಿತು. ಮತಯಂತ್ರ ಒಯ್ದ ಮರುದಿನ ಬೀಗ ಹಾಕಲು ಬಂದವರಿಗೆ ಅಕ್ಕ ಹೊಸ್ತಿಲ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದು ಕಂಡಿತು. ಒಳಗೆ ನರ್ಸ್‌ಬಾಯಿ ಬಿಪಿ ನೋಡುತ್ತಿದ್ದರು, ಹೊರಗೆ ಇಪ್ಪತ್ತು ಹೆಂಗಸರ ಸಾಲು. ಬಂದವರು ಬೀಗವನ್ನು ಕಿಸೆಯಲ್ಲಿಟ್ಟುಕೊಂಡು ಹೋದರು.

ಸಚಿವರು ಹೊಸ ಪಕ್ಷದಿಂದ ಗೆದ್ದರು. ಮತ್ತೆ ಸಚಿವರಾದರು, ಅದೂ ಅದೇ ಖಾತೆಗೆ. ಎರಡು ತಿಂಗಳಿಂದ ನಡೆಯುತ್ತಿದ್ದ ದವಾಖಾನೆಯ ಉದ್ಘಾಟನೆಗೆ ಬಂದು, ಕ್ಯಾಮೆರಾದವರ ಮುಂದೆ ತೋಳು ಮಡಚಿ, ಮೊದಲು ನನ್ನದೇ ನೋಡಮ್ಮ ಎಂದು ಕುಳಿತರು. ನರ್ಸ್‌ಬಾಯಿ ಎರಡು ಸಲ ನೋಡಿದರು. ಬಿಪಿ ಬಹಳ ಏರಿದೆ, ಇಂದಿನಿಂದಲೇ ಗುಳಿಗೆ ಶುರು ಮಾಡಬೇಕು ಎಂದರು. ಸಚಿವರ ಮುಖ ಸಣ್ಣದಾಯಿತು. ಎಷ್ಟು ದಿನ ತೆಗೆದುಕೊಳ್ಳಬೇಕು ಎಂದು ಕೇಳಿದರು.

ಸಾಲಿನಲ್ಲಿ ಅವರ ಹಿಂದೆಯೇ ಇದ್ದ ಅಕ್ಕ ನರ್ಸ್‌ಬಾಯಿಗೆ ಬಾಯಿ ತೆರೆಯಲು ಬಿಡಲಿಲ್ಲ.

“ಪೂರಾ ಐದ್ ವರ್ಷ ತಗೋಬೇಕ್ರಿ ಸಾಹೇಬ್ರ. ನಡುವ ಬಿಟ್ಟು ಹೋಗೂ ಮಂದಿಗೆ ಈ ಗುಳಿಗಿ ನಾಟೂದಿಲ್ಲ.”