ಕಾಲ, ಕೆಲಸ ಮತ್ತು ನನ್ನ ಸ್ಕೂಟರ್

ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಯಜಮಾನರು, ವರದರಾಜರು, ಮಲ್ಲೇಶ್ವರದ ನಮ್ಮ ಮನೆಯ ಹಾಲ್‌ನಲ್ಲಿ ಮಕ್ಕಳಿಗೆ ಗಣಿತದ ಟ್ಯೂಷನ್ ಶುರು ಮಾಡಿ ನಾಲ್ಕು ತಿಂಗಳಾಗಿತ್ತು. ಎಂಟನೇ ಕ್ಲಾಸಿನ ಆರು ಮಕ್ಕಳು, ಸಂಜೆ ಐದಕ್ಕೆ. "ಟ್ಯೂಷನ್ ಮಾಡ್ತಾರೆ, ಎಷ್ಟು ಚಟುವಟಿಕೆಯ ಮನುಷ್ಯ" ಎಂದು ಬೀದಿಯೆಲ್ಲ ಹೊಗಳುತ್ತದೆ. ಅವರು ಮಾಡುವುದು ಪಾಠ. ಹಾಲ್ ಗುಡಿಸಿ ಚಾಪೆ ಹಾಸುವುದು, ಬೋರ್ಡು ಒರೆಸುವುದು, ಸ್ಕೂಲಿನಿಂದ ಹಸಿದು ಬರುವವರಿಗೆ ಉಪ್ಪಿಟ್ಟು ಕೆದಕುವುದು, ಹಾಲು ಕಾಯಿಸುವುದು, ಇದಕ್ಕೆಲ್ಲ ಟ್ಯೂಷನ್ ಎನ್ನುವುದಿಲ್ಲವಂತೆ. (ಮತ್ತೇನೆನ್ನುತ್ತಾರೆ ಎಂದು ಕೇಳಿದೆ. "ಹೇಗೂ ಮನೇಲೇ ಇರ್ತೀಯಲ್ಲ" ಎಂದರು.)

ಮನೆಯಲ್ಲಿ ಇರಬಾರದೆಂದೇ ನನ್ನ ಆಸೆ. ಐವತ್ತೇಳನೇ ವಯಸ್ಸಿನಲ್ಲಿ ಸ್ಕೂಟರ್ ಕಲಿಯಲು ಹೊರಟು ಎಲ್‌ಎಲ್‌ಆರ್ ಮಾಡಿಸಿದ್ದೆ. ಆ ಕಲಿಕಾ ಲೈಸೆನ್ಸಿನ ಆರು ತಿಂಗಳ ಅವಧಿಯಲ್ಲಿ ಐದು ಮುಗಿದಿತ್ತು. ಕಲಿಸುವವಳು ಪಕ್ಕದ ಮನೆಯ ನಂದಿತಾ. ಅವಳ ಆಫೀಸು ಮನೆಯಲ್ಲೇ, ಆದರೆ ಬಿಡುವು ನಾಲ್ಕೂವರೆಯಿಂದ ಐದರವರೆಗೆ ಮಾತ್ರ. ನನ್ನ ಟ್ಯೂಷನ್ ಸೇವೆ ನಾಲ್ಕರಿಂದ ಐದು. ಅವಳು ಗೇಟಿನ ಹತ್ತಿರ ಹಾರನ್ ಹೊಡೆಯುವಾಗ ನಾನು ಒಗ್ಗರಣೆ ಹಾಕುತ್ತಿರುತ್ತೇನೆ.

ಕೊನೆಗೆ ಒಂದು ದಿನ ಹೇಳಿಬಿಟ್ಟೆ. "ರೀ, ನಾಳೆಯಿಂದ ನೀವೂ ಅಡುಗೆಮನೆಗೆ ಬನ್ನಿ. ಇಬ್ಬರೂ ಮಾಡಿದ್ರೆ ಒಂದು ಗಂಟೆ ಕೆಲಸ ಅರ್ಧ ಗಂಟೇಲಿ ಮುಗಿಯತ್ತೆ. ಉಳಿದ ಅರ್ಧ ನಂದು."

ಲೆಕ್ಕ ಸರಿಯಿದ್ದುದರಿಂದ ಒಪ್ಪಿದರು. ಹೆಗಲಿಗೆ ಟವೆಲ್ ಹಾಕಿಕೊಂಡು ಬಂದರು. ರವೆ ಎಲ್ಲಿ, ಯಾವ ಬಾಣಲೆ, ಉರಿ ಇಷ್ಟು ಸಾಕಾ ಎಂದು ವಿಚಾರಣೆ ನಡೆಸಿದರು. ರವೆ ಸೀದುಹೋಯಿತು, ನಾನು ಮತ್ತೆ ಹುರಿದೆ. ಹಾಲು ಉಕ್ಕಿತು, ನಾನು ಒಲೆ ಒರೆಸಿದೆ. ಮುಗಿದಾಗ ಐದೂವರೆ. ಮೂರು ದಿನವೂ ಹೀಗೇ, ಕರಾರುವಾಕ್ಕಾಗಿ ಐದೂವರೆ. ಮಕ್ಕಳು ಚಾಪೆಯ ಮೇಲೆ ಆಕಳಿಸುತ್ತಿದ್ದರು.

ನಾಲ್ಕನೇ ದಿನ ಇವರಿಗೆ ಶಿಷ್ಯಕೋಟಿಯ ಎದುರಿಗೇ ನಾಚಿಕೆಯಾಗಲಿ ಎಂದು ನಾನೇ ಬೋರ್ಡಿನ ಮೇಲೆ ಬರೆದೆ: "ಒಂದು ಕೆಲಸವನ್ನು ಆಂಟಿ ಒಬ್ಬರೇ ಒಂದು ಗಂಟೆಯಲ್ಲಿ ಮುಗಿಸುತ್ತಾರೆ. ಅಂಕಲ್ ಕೈಜೋಡಿಸಿದರೆ ಒಂದೂವರೆ ಗಂಟೆ. ಹಾಗಾದರೆ ಅಂಕಲ್ ಗಂಟೆಗೆ ಮಾಡುವ ಕೆಲಸವೆಷ್ಟು?"

ಐವರು ಪೆನ್ಸಿಲ್ ಕಚ್ಚಿದರು. ಮೈನಸ್ ಎಂದರೆ ಅಳುತ್ತಿದ್ದ ಸುಪ್ರಜಾ ಮಾತ್ರ ಕೈ ಎತ್ತಿದಳು.

"ಮೈನಸ್ ಒಂದು ಬೈ ಮೂರು, ಆಂಟಿ. ಅಂದ್ರೆ ಅಂಕಲ್ ಒಬ್ರನ್ನೇ ಒಳಗೆ ಬಿಟ್ರೆ, ನೀವು ಮಾಡಿಟ್ಟಿದ್ದನ್ನೆಲ್ಲ ಮೂರು ಗಂಟೇಲಿ ಪೂರ್ತಿ ಕೆಡಿಸಿಬಿಡ್ತಾರೆ."

ಗೆದ್ದೆ ಎಂದು ತಿರುಗಿ ನೋಡಿದೆ. ಇವರ ಮುಖದಲ್ಲಿ ನಾಚಿಕೆಯ ಸುಳಿವಿಲ್ಲ, ಮಗು ಮೊದಲ ಹೆಜ್ಜೆ ಇಟ್ಟಾಗಿನ ಸಂತೋಷ. "ನಾಲ್ಕು ತಿಂಗಳಿಂದ ಬಡ್ಕೊಂಡಿದ್ದೆ, ಇವತ್ತು ಅರ್ಥವಾಯ್ತು ನೋಡು ಈ ಹುಡುಗಿಗೆ" ಎಂದರು. ಆಮೇಲೆ ಟವೆಲನ್ನು ಮಡಿಸಿ ನನ್ನ ಹೆಗಲಿಗೆ ಹಾಕಿದರು. "ನೀನೇ ಸಾಬೀತು ಮಾಡಿದೆಯಲ್ಲ ಅಲಮೇಲು. ಇನ್ನು ನಾನು ಒಳಗೆ ಬರಲ್ಲ. ನಿಂಗೆ ದಿನಾ ಅರ್ಧ ಗಂಟೆ ಉಳೀತು."

ಸುಪ್ರಜಾಳ ತಾಯಿ ಸಂಪಿಗೆ ರಸ್ತೆಯಲ್ಲಿ ಸಿಕ್ಕವರಿಗೆಲ್ಲ ಮೇಷ್ಟ್ರ ಮಹಿಮೆ ಹೇಳಿದ್ದರಿಂದ ಮರುವಾರವೇ ಇನ್ನೂ ನಾಲ್ಕು ಮಕ್ಕಳು ಸೇರಿದರು. ಈಗ ಹತ್ತು ಲೋಟ, ಹತ್ತು ತಟ್ಟೆ. ನನ್ನ ಲೆಕ್ಕ ಬೋರ್ಡಿನ ಮೂಲೆಯಲ್ಲಿ ಮಾದರಿಯಾಗಿ ಉಳಿದಿದೆ, ಒರೆಸಬಾರದೆಂದು ಅಪ್ಪಣೆ.

ಮೊನ್ನೆ ಎಲ್‌ಎಲ್‌ಆರ್ ಅವಧಿ ಮುಗಿಯಿತು. ಒಲೆಯ ಮುಂದೆ ಸಪ್ಪೆ ಮುಖ ಮಾಡಿಕೊಂಡು ನಿಂತಿದ್ದೆ. ಪಾಪ, ಇವರು ಬಾಗಿಲಿಗೆ ಬಂದು ನಿಜವಾದ ಕಳಕಳಿಯಿಂದ ಕೇಳಿದರು, "ನಾನೇನಾದ್ರೂ ಸಹಾಯ ಮಾಡ್ಲಾ?"

"ಬೇಡಾ ರೀ, ದಮ್ಮಯ್ಯ" ಎಂದು ಬಾಣಲೆಗೆ ಅಡ್ಡ ನಿಂತವಳು ನಾನೇ.